ನೀರೊಳಗಿನ ಎಮ್ಮೆ, ಕಂತಿನ ಕಾರು

ಇಂಗ್ಲೆಂಡಿನ ಗೃಹಸ್ಥನೊಬ್ಬನ ಕಣ್ಣಿಗೆ ಹಳೆಯ ಬ್ಯೂಕ್ ಕಾರೊಂದು ಬಿತ್ತು. ಆತ ಅದನ್ನು ಪರೀಕ್ಷಿಸಿ ನೋಡಿದ. ಕಾರು ಸುಸ್ಥಿತಿಯಲ್ಲಿತ್ತು. ಬೆಲೆ 600 ಪೌಂಡ್. ಅಷ್ಟು ಹಣ ಕೈಯಲ್ಲಿ ಇರಲಿಲ್ಲವಾದ್ದರಿಂದ ಫೈನಾನ್ಸ್ ಕಂಪನಿಯೊಂದರ ಕಾಗದಪತ್ರಗಳಿಗೆ ಸಹಿ ಹಾಕಿದ. ಕೆಲವು ದಿನಗಳ ನಂತರ ಒಂದು ರಾತ್ರಿ ಯಾರೋ ಕಾರನ್ನು ಹಗ್ಗ ಕಟ್ಟಿ ಎಳೆತಂದು ಅವನ ಜಾಗದ ಹೊರಗೆ ಬಿಟ್ಟುಹೋದರು. ಬೆಳಗ್ಗೆ ನೋಡಿದರೆ ಅದೇ ಕಾರು, ಆದರೆ ಅದೇ ಕಾರಲ್ಲ. ಹೊಸ ಟೈರುಗಳ ಜಾಗದಲ್ಲಿ ಸವೆದ ಟೈರುಗಳಿದ್ದವು. ರೇಡಿಯೊ ಮಾಯವಾಗಿತ್ತು. ಎಂಜಿನ್ನಿನ ವಾಲ್ವುಗಳು ಸುಟ್ಟಿದ್ದವು, ಎರಡು ಪಿಸ್ಟನ್‌ಗಳು ಮುರಿದಿದ್ದವು. ಕಾರು ಒಂದು ಗಜವೂ ಮುಂದೆ ಹೋಗುವ ಸ್ಥಿತಿಯಲ್ಲಿರಲಿಲ್ಲ.

ಆತ ಕಂತು ಕಟ್ಟಲು ನಿರಾಕರಿಸಿದ. ಅವನ ಮೇಲೆ ದಾವೆ ಬಿತ್ತು. ಹಣ ಕೇಳುವವರ ಬಳಿ ಬಲವಾದ ಅಸ್ತ್ರವೊಂದಿತ್ತು. ವಾಹನದ ವಯಸ್ಸು, ಸ್ಥಿತಿ, ರಸ್ತೆಯಲ್ಲಿ ಓಡುವ ಯೋಗ್ಯತೆ ಇವುಗಳಲ್ಲಿ ಯಾವುದರ ಬಗೆಗೂ ಮಾಲೀಕರು ಖಾತರಿ ಕೊಟ್ಟಿಲ್ಲ ಎಂದು ಕರಾರಿನಲ್ಲಿ ಅಚ್ಚಾಗಿತ್ತು. ಕೆಳಗಿನ ನ್ಯಾಯಾಲಯ ಆ ಸಾಲುಗಳನ್ನು ಒಪ್ಪಿ ಗೃಹಸ್ಥನ ವಿರುದ್ಧ ತೀರ್ಪಿತ್ತಿತು. 1956ರಲ್ಲಿ ಮೊಕದ್ದಮೆ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಾಗ ನ್ಯಾಯಮೂರ್ತಿಗಳಾದ ಡೆನ್ನಿಂಗ್, ಬರ್ಕೆಟ್ ಮತ್ತು ಪಾರ್ಕರ್ ಆ ತೀರ್ಪನ್ನು ತಿರುಗಿಸಿದರು. ಓಡದ ಕಾರು ಕಾರೇ ಅಲ್ಲ ಎಂಬುದು ಬರ್ಕೆಟ್ ಅವರ ಅಭಿಪ್ರಾಯದ ತಿರುಳು. ಕಾರು ಕೊಡುತ್ತೇನೆಂದು ಒಪ್ಪಿಕೊಂಡು ಗುಜರಿ ಕೊಟ್ಟವರು ಅಚ್ಚಿನ ಸಾಲುಗಳ ಮರೆಯಲ್ಲಿ ಅಡಗಿಕೊಳ್ಳುವಂತಿಲ್ಲ ಎಂದು ತೀರ್ಮಾನವಾಯಿತು.

ಕಾರನ್ನು ಕಣ್ಣಾರೆ ಕಂಡು ಒಪ್ಪಿದವನಿಗೇ ಈ ಗತಿಯಾದರೆ, ಫೋನಿನ ಪರದೆಯ ಮೇಲೆ ಹತ್ತಾರು ಚಿತ್ರಗಳನ್ನು ನೋಡಿ, ಮುನ್ನೂರು ಮೈಲಿ ದೂರದ ಕಾರಿಗೆ ಮನೆಯಲ್ಲೇ ಕುಳಿತು ಸಹಿ ಹಾಕುವ ಇಂದಿನ ಗ್ರಾಹಕನ ಪಾಡೇನು? ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಬಾರದೆಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ದೂರದಿಂದ ಕೊಂಡ ಕಾರಿಗೆ ಈ ಪರೀಕ್ಷೆಗಳೊಂದೂ ಇಲ್ಲ. ಅಲ್ಲಿರುವುದು ಮಾರುವವನ ವರ್ಣನೆ ಮಾತ್ರ. ಆ ವರ್ಣನೆ ಸುಳ್ಳಾದಾಗ ಉತ್ತರ ಹೇಳಬೇಕಾದವರು ಯಾರು? ಮಾತಾಡಿದ ವ್ಯಾಪಾರಿಯೋ, ಹಣ ಕೊಟ್ಟ ಕಂಪನಿಯೋ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕಂಡುಕೊಳ್ಳಲು ಬ್ರಿಟನ್ನಿನ ಕಾನೂನಿಗೆ ಬಹುಮಟ್ಟಿಗೆ ಒಂದು ಶತಮಾನ ಹಿಡಿಯಿತು.

ಕಲ್ಲಿನಿಂದ ಪಿಯಾನೊವರೆಗೆ

ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಧೋರಣೆ. 1603ರ ಒಂದು ಮೊಕದ್ದಮೆಯನ್ನು ಇದಕ್ಕೆ ಉದಾಹರಣೆಯಾಗಿ ಕೊಡುವುದುಂಟು. ಅಕ್ಕಸಾಲಿಗನೊಬ್ಬ ಒಂದು ಕಲ್ಲನ್ನು ಬೆಜೋರ್ ಎಂದು ಹೇಳಿ 100 ಪೌಂಡಿಗೆ ಮಾರಿದ. ನಮ್ಮ ಗೋರೋಚನದಂತೆ ಪ್ರಾಣಿಯ ಹೊಟ್ಟೆಯಲ್ಲಿ ಬೆಳೆಯುವ ಈ ಕಲ್ಲು ವಿಷವನ್ನು ಇಳಿಸುತ್ತದೆಂಬ ನಂಬಿಕೆ ಆಗ ಯೂರೋಪಿನಲ್ಲಿತ್ತು. ಮಾರಿದ ಕಲ್ಲು ಬೆಜೋರ್ ಆಗಿರಲಿಲ್ಲ. ಆದರೂ ಕೊಂಡವನು ಸೋತ. ‘ಇದು ಬೆಜೋರ್’ ಎಂದು ಹೇಳುವುದು ಬೇರೆ, ‘ಇದು ಬೆಜೋರ್ ಎಂದು ಖಾತರಿ ಕೊಡುತ್ತೇನೆ’ ಎನ್ನುವುದು ಬೇರೆ ಎಂಬುದು ನ್ಯಾಯಾಲಯದ ತರ್ಕ.

ಈ ಬಿಗಿಯನ್ನು ಸಡಿಲಿಸಿದ್ದು 1893ರ ಸರಕು ಮಾರಾಟ ಕಾಯಿದೆ. ಅದರ ಕರಡು ಬರೆದ ಮೆಕೆಂಜಿ ಚಾಮರ್ಸ್ ತಾರುಣ್ಯದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿದ್ದವರು. ಮುಂದೆ ವೈಸರಾಯ್ ಅವರ ಮಂಡಳಿಗೆ ಕಾನೂನು ಸದಸ್ಯರಾಗಿಯೂ ಬಂದರು. ವರ್ಣನೆಯನ್ನು ನಂಬಿ ಕೊಂಡ ಸರಕು ಆ ವರ್ಣನೆಗೆ ಹೊಂದಿಕೊಳ್ಳಲೇಬೇಕು ಎಂದು ಕಾಯಿದೆಯ 13ನೆಯ ಕಲಮು ಹೇಳಿತು. ಖಾತರಿ ಎಂಬ ಪದವನ್ನು ಮಾರುವವನು ಉಚ್ಚರಿಸಬೇಕಾದ ಅಗತ್ಯ ಇನ್ನು ಉಳಿಯಲಿಲ್ಲ.

ಆದರೆ ಎರಡೇ ವರ್ಷಗಳಲ್ಲಿ ಈ ರಕ್ಷಣೆಗೆ ದೊಡ್ಡ ಕಿಂಡಿಯೊಂದು ಬಿತ್ತು. ಒಬ್ಬ ಗ್ರಾಹಕ ತಿಂಗಳಿಗೆ ಹತ್ತೂವರೆ ಷಿಲಿಂಗ್‌ನಂತೆ 36 ಕಂತುಗಳ ಮೇಲೆ ಪಿಯಾನೊ ಪಡೆದು, ಕಂತು ತೀರುವ ಮೊದಲೇ ಅದನ್ನು ಗಿರವಿ ಇಟ್ಟ. ಪಿಯಾನೊ ಯಾರದ್ದು ಎಂಬ ಪ್ರಶ್ನೆ 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ವರೆಗೆ ಹೋಯಿತು. ಕಂತುದಾರ ಯಾವಾಗ ಬೇಕಾದರೂ ವಸ್ತುವನ್ನು ಹಿಂತಿರುಗಿಸಬಹುದಾದ್ದರಿಂದ ಆತ ಕೊಳ್ಳಲು ಒಪ್ಪಿದವನಲ್ಲ, ಬರೀ ಬಾಡಿಗೆದಾರ ಎಂದು ಲಾರ್ಡ್ಸ್ ತೀರ್ಮಾನಿಸಿದರು. ಪಿಯಾನೊ ಅದರ ಮಾಲೀಕನಿಗೆ ಮರಳಿತು. ಗಿರವಿ ಅಂಗಡಿಯವನಿಗೆ ಅನ್ಯಾಯವಾಯಿತು ಎನ್ನೋಣ. ಆದರೆ ತೀರ್ಪಿನ ಇನ್ನೊಂದು ಪರಿಣಾಮ ಹೆಚ್ಚು ದೂರಗಾಮಿಯಾಗಿತ್ತು. ಕಂತಿನ ಕರಾರು ‘ಮಾರಾಟ’ವೇ ಅಲ್ಲವೆಂದ ಮೇಲೆ ಕಂತಿನಲ್ಲಿ ವಸ್ತು ಪಡೆದವನಿಗೆ 1893ರ ಕಾಯಿದೆಯ ಆಸರೆಯೂ ಇಲ್ಲವಾಯಿತು. ನಗದು ಕೊಟ್ಟು ಕೊಂಡ ಸಿರಿವಂತನಿಗೆ ಸಿಕ್ಕ ರಕ್ಷಣೆ ಕಂತು ಕಟ್ಟುವ ಬಡವನಿಗೆ ಸಿಗಲಿಲ್ಲ.

ಬಾಡಿಗೆ-ಖರೀದಿ, ಅಂದರೆ ಹೈರ್ ಪರ್ಚೇಸ್, ಪದ್ಧತಿಯಲ್ಲಿ ಮೂವರು ಪಾತ್ರಧಾರಿಗಳು. ಗ್ರಾಹಕ ಕಾರನ್ನು ಆರಿಸುವುದು ವ್ಯಾಪಾರಿಯ ಅಂಗಡಿಯಲ್ಲಿ. ಕಾರಿನ ಗುಣಗಾನ ಮಾಡುವವನೂ ವ್ಯಾಪಾರಿಯೇ. ಆದರೆ ವ್ಯಾಪಾರಿ ಕಾರನ್ನು ಮಾರುವುದು ಗ್ರಾಹಕನಿಗಲ್ಲ, ಫೈನಾನ್ಸ್ ಕಂಪನಿಗೆ. ಕಂಪನಿ ಅದನ್ನು ಗ್ರಾಹಕನಿಗೆ ಬಾಡಿಗೆಗೆ ಕೊಡುತ್ತದೆ. ಕೊನೆಯ ಕಂತು ಕಟ್ಟಿದ ಬಳಿಕವೇ ಗ್ರಾಹಕ ಮಾಲೀಕನಾಗುತ್ತಾನೆ. ಹೀಗೆ ಮಾತು ಕೊಟ್ಟವನ ಜೊತೆ ಕರಾರಿಲ್ಲ, ಕರಾರು ಇರುವವರು ಮಾತು ಕೊಟ್ಟಿಲ್ಲ. ‘ನಾವು ಆ ಕಾರನ್ನು ಕಂಡೇ ಇಲ್ಲ’ ಎಂದು ಕಂಪನಿ, ‘ನಾನು ನಿಮಗೆ ಏನನ್ನೂ ಮಾರಿಲ್ಲ’ ಎಂದು ವ್ಯಾಪಾರಿ. ಇಬ್ಬರೂ ಹೇಳುವುದು ಕಾಗದದ ಮಟ್ಟಿಗೆ ಸತ್ಯವೇ! ಗ್ರಾಹಕ ಇಬ್ಬರ ನಡುವೆ ಚೆಂಡಾಗುತ್ತಿದ್ದ.

ಎಲೆನ್ ವಿಲ್ಕಿನ್ಸನ್ ತಂದ ಮಸೂದೆ

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಕಂತಿನ ವ್ಯಾಪಾರ ಬೆಳೆಯಿತು. ಅದರ ಜೊತೆಗೆ ‘ಕಿತ್ತುಕೊಳ್ಳುವ’ ದಂಧೆಯೂ ಬೆಳೆಯಿತು. ಬಹುಪಾಲು ಕಂತು ಕಟ್ಟಿ ಮುಗಿಯುವ ಹೊತ್ತಿಗೆ ಒಂದು ಕಂತು ತಪ್ಪಿದರೆ ಸಾಕು, ಕಂಪನಿಯವರು ಮನೆಗೆ ನುಗ್ಗಿ ಸಾಮಾನು ಹೊತ್ತೊಯ್ಯುತ್ತಿದ್ದರು. ಕಟ್ಟಿದ ಹಣ ಹೋದಂತೆಯೇ. ನಿರುದ್ಯೋಗದಿಂದ ತತ್ತರಿಸಿದ್ದ ಜಾರೋ ಪಟ್ಟಣದ ಸಂಸತ್ ಸದಸ್ಯೆ ಎಲೆನ್ ವಿಲ್ಕಿನ್ಸನ್ ಖಾಸಗಿ ಸದಸ್ಯರ ಮಸೂದೆಯಾಗಿ ತಂದ ಶಾಸನ 1938ರಲ್ಲಿ ಬಾಡಿಗೆ-ಖರೀದಿ ಕಾಯಿದೆಯಾಯಿತು. ಮೂರನೆಯ ಒಂದು ಭಾಗ ಹಣ ಕಟ್ಟಿದ ಮೇಲೆ ನ್ಯಾಯಾಲಯಕ್ಕೆ ಹೋಗದೆ ವಸ್ತುವನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಅದು ವಿಧಿಸಿತು. ವಸ್ತುವಿನ ಗುಣಮಟ್ಟದ ಬಗೆಗೂ ಕೆಲವು ಖಾತರಿಗಳನ್ನು ಕರಾರಿನೊಳಗೆ ಸೇರಿಸಿತು.

ಆದರೆ ಈ ರಕ್ಷಣೆ ಮೋಟಾರು ವಾಹನಗಳಿಗೆ ಸಿಕ್ಕಿದ್ದು ಬೆಲೆ 50 ಪೌಂಡ್ ಮೀರದಿದ್ದರೆ ಮಾತ್ರ. ಇತರ ವಸ್ತುಗಳಿಗೆ ಮಿತಿ 100 ಪೌಂಡ್, ದನಕರುಗಳಿಗೆ 500! ಎತ್ತು-ಹಸು ಕೊಂಡವನಿಗಿದ್ದ ರಕ್ಷಣೆಯ ಹತ್ತನೆಯ ಒಂದು ಪಾಲು ಮಾತ್ರ ಕಾರು ಕೊಂಡವನಿಗೆ. ಕಾರು ಆಗ ಶ್ರೀಮಂತರ ಶೋಕಿಯೆಂದು ಶಾಸಕರು ಭಾವಿಸಿದ್ದಿರಬಹುದು. ಮಿತಿ 1954ರಲ್ಲಿ 300 ಪೌಂಡಿಗೆ, 1964ರಲ್ಲಿ 2,000 ಪೌಂಡಿಗೆ ಏರಿತು. ಮೇಲೆ ಹೇಳಿದ ಬ್ಯೂಕ್ ಕಾರಿನವನು 600 ಪೌಂಡಿನ ಕರಾರು ಮಾಡಿಕೊಂಡಿದ್ದರಿಂದ ಕಾಯಿದೆಯ ನೆರಳು ಅವನಿಗೆ ದೊರೆಯಲಿಲ್ಲ. ನ್ಯಾಯಮೂರ್ತಿಗಳು ತಾವೇ ದಾರಿ ಹುಡುಕಬೇಕಾಯಿತು.

ಮಾತಿಗೆ ಬೆಲೆ ಬಂದದ್ದು

ಆ ದಾರಿಗಳಲ್ಲಿ ಇನ್ನೊಂದು ಅದೇ 1956ರಲ್ಲಿ ತೆರೆಯಿತು. 1934ರ ಮಾದರಿಯ ಹಳೆಯ ಸ್ಟ್ಯಾಂಡರ್ಡ್ ಕಾರು, ಬೆಲೆ 150 ಪೌಂಡ್. ಗಾಡಿ ಬಲು ಚೆನ್ನಾಗಿದೆ, ಬೇಕಾದರೆ ತನ್ನ ಪ್ರಾಣವನ್ನೇ ಪಣ ಇಡುತ್ತೇನೆಂದು ವ್ಯಾಪಾರಿ ಹೇಳಿದ. ಗ್ರಾಹಕ ಫೈನಾನ್ಸ್ ಕಂಪನಿಯ ಜೊತೆ ಕರಾರು ಮಾಡಿಕೊಂಡ. ಒಂದು ವಾರ ಕಳೆಯುವುದರೊಳಗೆ ಸ್ಟೀರಿಂಗ್ ಕೈಕೊಟ್ಟು ಕಾರು ಲಾರಿಗೆ ಬಡಿಯಿತು. ಆತ ತೀವ್ರವಾಗಿ ಗಾಯಗೊಂಡ. ಪಣಕ್ಕೆ ಬಿದ್ದದ್ದು ಯಾರ ಪ್ರಾಣ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಾರು ಕಂಪನಿಯೊಂದಿಗೇ ಇರಲಿ, ವ್ಯಾಪಾರಿಯ ಮಾತನ್ನು ನಂಬಿಯೇ ಗ್ರಾಹಕ ಆ ಕರಾರಿಗೆ ಸಹಿ ಹಾಕಿದ. ಆದ್ದರಿಂದ ವ್ಯಾಪಾರಿ ಮತ್ತು ಗ್ರಾಹಕರ ನಡುವೆ ಮಾತಿನದೇ ಒಂದು ಪ್ರತ್ಯೇಕ ಒಪ್ಪಂದವಿದೆ ಎಂದು ನ್ಯಾಯಮೂರ್ತಿ ಮೆಕ್ನೇರ್ ತೀರ್ಪಿತ್ತರು.

ಹಾಗಾದರೆ ಆಡಿದ ಮಾತೆಲ್ಲವೂ ಖಾತರಿಯೇ? ಅದೂ ಅಲ್ಲ. ಎರಡು ಮೊಕದ್ದಮೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನ್ಯಾಯಾಲಯದ ವಿವೇಚನೆ ತಿಳಿಯುತ್ತದೆ. ಎರಡರಲ್ಲೂ ಡೆನ್ನಿಂಗ್ ಇದ್ದರು. ಮೊದಲನೆಯದರಲ್ಲಿ ಖಾಸಗಿ ವ್ಯಕ್ತಿಯೊಬ್ಬ ತನ್ನ ಮಾರಿಸ್ ಕಾರನ್ನು 1948ರ ಮಾದರಿ ಎಂದು ಹೇಳಿ ವ್ಯಾಪಾರಿಗೆ 290 ಪೌಂಡಿಗೆ ಕೊಟ್ಟ. ನೋಂದಣಿ ಪುಸ್ತಕದಲ್ಲೂ ಹಾಗೆಯೇ ಇತ್ತು. ನಿಜದಲ್ಲಿ ಅದು 1939ರ ಕಾರು. ಹಿಂದಿನ ಯಾವನೋ ಪುಸ್ತಕವನ್ನು ತಿದ್ದಿದ್ದ. ನಿಜ ವರ್ಷ ಗೊತ್ತಿದ್ದರೆ ವ್ಯಾಪಾರಿ ಕೊಡುತ್ತಿದ್ದುದು 175 ಪೌಂಡ್ ಮಾತ್ರ. 1957ರ ವರದಿಗಳಲ್ಲಿ ದಾಖಲಾದ ಈ ಮೊಕದ್ದಮೆಯಲ್ಲಿ ವ್ಯಾಪಾರಿ ಸೋತ. ಪುಸ್ತಕ ನೋಡಿ ಹೇಳಿದ ಸಾಮಾನ್ಯನಿಗಿಂತ ಕಾರಿನ ವರ್ಷ ಪತ್ತೆ ಹಚ್ಚುವ ಸಾಮರ್ಥ್ಯ ಕಾರಿನ ದಂಧೆಯವನಿಗೇ ಹೆಚ್ಚಾಗಿತ್ತು. 1965ರ ಮೊಕದ್ದಮೆಯಲ್ಲಿ ಮಾತು ಹೇಳಿದವನು ವ್ಯಾಪಾರಿ. ಎಂಜಿನ್ ಬದಲಿಸಿದ ಮೇಲೆ ಬೆಂಟ್ಲಿ ಕಾರು 20,000 ಮೈಲಿ ಮಾತ್ರ ಓಡಿದೆ ಎಂದ. ಓಡಿದ್ದು ಸುಮಾರು ಒಂದು ಲಕ್ಷ ಮೈಲಿ. ಇಲ್ಲಿ ವ್ಯಾಪಾರಿ 400 ಪೌಂಡ್ ಪರಿಹಾರ ತೆರಬೇಕಾಯಿತು. ಸತ್ಯವನ್ನು ತಿಳಿಯಬಲ್ಲ ಸ್ಥಾನದಲ್ಲಿ ಯಾರಿದ್ದಾರೋ ಮಾತಿನ ಹೊಣೆ ಅವರದು.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು 1967ರ ಹೆರಾಲ್ಡ್ ಕಾರಿನ ಕಥೆ. ಬಿಳಿಯ ಬಣ್ಣದ 1961ರ ಹೆರಾಲ್ಡ್ ಎಂದು ಪತ್ರಿಕೆಯಲ್ಲಿ ಜಾಹೀರಾತು ಬಂದಿತ್ತು. ಅದನ್ನು ಓದಿ ಹೋದವನು ಕಾರನ್ನು ನೋಡಿ 190 ಪೌಂಡಿಗೆ ಕೊಂಡ. ಹಿಂಭಾಗದಲ್ಲಿ ‘1200’ ಎಂಬ ಲಾಂಛನವೂ ಇತ್ತು. ಆಮೇಲೆ ಗ್ಯಾರೇಜಿನಲ್ಲಿ ತಿಳಿದದ್ದೇನೆಂದರೆ, ಹಿಂದಿನ ಅರ್ಧ ಮಾತ್ರ 1961ರದ್ದು. ಮುಂದಿನ ಅರ್ಧ ಅದಕ್ಕೂ ಹಳೆಯ ಮಾದರಿಯದು. ಎರಡು ಕಾರುಗಳ ಅರ್ಧರ್ಧವನ್ನು ವೆಲ್ಡಿಂಗ್ ಮಾಡಿ ಒಂದಾಗಿಸಲಾಗಿತ್ತು. ಮಾರಿದ ವ್ಯಕ್ತಿಗೂ ಇದು ಗೊತ್ತಿರಲಿಲ್ಲ! ಆತ ವ್ಯಾಪಾರಿಯೂ ಅಲ್ಲ. ಆದರೂ ಮೇಲ್ಮನವಿ ನ್ಯಾಯಾಲಯ ಕೊಂಡವನಿಗೆ 125 ಪೌಂಡ್ ಪರಿಹಾರ ಕೊಡಿಸಿತು. ಕಾರನ್ನು ನೋಡಿದ್ದರೂ ಆತ ಕೊಂಡದ್ದು ಜಾಹೀರಾತಿನ ವರ್ಣನೆಯನ್ನು ನಂಬಿ. ವರ್ಣನೆಗೂ ವಸ್ತುವಿಗೂ ತಾಳೆಯಿಲ್ಲ.

ಈ ತೀರ್ಪಿನಲ್ಲಿ ಅಡಗಿರುವ ಭೇದವನ್ನು ಗಮನಿಸಬೇಕು. ಗುಣಮಟ್ಟದ ಪ್ರಶ್ನೆ ಬೇರೆ, ವರ್ಣನೆಯ ಪ್ರಶ್ನೆ ಬೇರೆ. ಹತ್ತು ವರ್ಷದ ಕಾರಿನ ಕ್ಲಚ್ ಸವೆದಿದ್ದರೆ, ಹಳೆ ಕಾರು ಹಾಗೇ ಇರುತ್ತದೆ ಎಂದು ವ್ಯಾಪಾರಿ ವಾದಿಸಬಹುದು; ಬೆಲೆ, ವಯಸ್ಸು, ಓಡಿದ ದೂರ ಎಲ್ಲವೂ ಆಗ ಲೆಕ್ಕಕ್ಕೆ ಬರುತ್ತವೆ. ಆದರೆ ‘ಒಬ್ಬನೇ ಮಾಲೀಕ’, ‘ಅಪಘಾತವಾಗಿಲ್ಲ’, ‘ಇಷ್ಟೇ ಮೈಲಿ ಓಡಿದೆ’ ಎಂದು ಬರೆದಿದ್ದರೆ ಕಾರು ಎಷ್ಟೇ ಹಳೆಯದಾಗಿರಲಿ, ಆ ಮಾತು ನಿಜವಾಗಿರಲೇಬೇಕು. ಕಾರನ್ನು ಕಾಣದೆ ಕೊಂಡವನಿಗೆ ದೊಡ್ಡ ಆಸರೆಯಾಗುವುದು ಈ ಭೇದವೇ.

ಹಣ ಕೊಟ್ಟವನು ಹೊಣೆಗಾರನಾದದ್ದು

ವ್ಯಾಪಾರಿಯನ್ನು ಹಿಡಿಯುವ ದಾರಿ ಸಿಕ್ಕಿತು. ಆದರೆ ಅಂಗಡಿ ಮುಚ್ಚಿ ಪರಾರಿಯಾದ ವ್ಯಾಪಾರಿಯಿಂದ ಪ್ರಯೋಜನವೇನು? ಕಂಪನಿ ಮಾತ್ರ ಕಂತಿಗಾಗಿ ಬಾಗಿಲು ಬಡಿಯುತ್ತಲೇ ಇರುತ್ತದೆ. 1968ರಲ್ಲಿ ಇಂಥ ಪ್ರಶ್ನೆಯೊಂದು ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಗ್ರಾಹಕ ಖಾಲಿ ಫಾರಂಗೆ ಸಹಿ ಹಾಕಿದ್ದ. ವ್ಯಾಪಾರಿ ಅದರಲ್ಲಿ ಒಪ್ಪಿದ್ದಕ್ಕಿಂತ ಬೇರೆ ಅಂಕಿಗಳನ್ನು ತುಂಬಿಸಿದ್ದ. (ಖಾಲಿ ಫಾರಂಗೆ ಸಹಿ ಹಾಕುವ ಚಾಳಿ ನಮ್ಮದೊಂದೇ ಅಲ್ಲ ಎಂಬುದು ಸಮಾಧಾನದ ಸಂಗತಿ.) ಗ್ರಾಹಕನ ಮುಂಗಡ ಬೇರೆ ಕಾರಣಕ್ಕಾಗಿ ಅವನಿಗೆ ಮರಳಿತು. ಆದರೆ ವ್ಯಾಪಾರಿ ಸಾಮಾನ್ಯವಾಗಿ ಫೈನಾನ್ಸ್ ಕಂಪನಿಯ ಏಜೆಂಟ್ ಅಲ್ಲ ಎಂದು ಲಾರ್ಡ್ಸ್ ಬಹುಮತದಿಂದ ಹೇಳಿದರು. ಕಂಪನಿಯ ಫಾರಂಗಳು ವ್ಯಾಪಾರಿಯ ಮೇಜಿನ ಮೇಲೇ ಇರುತ್ತವೆ, ಅವನ್ನು ತುಂಬಿಸಿ ಕಳಿಸುವವನೂ ಅವನೇ. ವಾಸ್ತವವನ್ನು ಬಲ್ಲವರಿಗೆ ಈ ಬಹುಮತ ಒಪ್ಪಿಗೆಯಾಗುವುದು ಕಷ್ಟ.

ಸಂಸತ್ತು ಈ ನಿಲುವನ್ನು ತಿರುಗಿಸಿತು. 1971ರಲ್ಲಿ ಲಾರ್ಡ್ ಕ್ರೌದರ್ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟಿತು. 1973ರ ಕಾಯಿದೆಯೊಂದು ವರ್ಣನೆ ಮತ್ತು ಗುಣಮಟ್ಟದ ಖಾತರಿಗಳನ್ನು ಬಾಡಿಗೆ-ಖರೀದಿಯ ಕರಾರುಗಳಿಗೂ ವಿಸ್ತರಿಸಿತು. 1895ರ ಪಿಯಾನೊ ತೀರ್ಪಿನಿಂದ ಬಿದ್ದ ಕಿಂಡಿ ಮುಚ್ಚಿತು. 1974ರ ಗ್ರಾಹಕ ಸಾಲ ಕಾಯಿದೆಯ 56ನೆಯ ಕಲಮು ಇನ್ನೂ ಮುಂದೆ ಹೋಗಿ, ಕರಾರಿಗೆ ಮುಂಚಿನ ಮಾತುಕತೆಯಲ್ಲಿ ವ್ಯಾಪಾರಿ ಸಾಲ ಕೊಡುವವರ ಏಜೆಂಟ್ ಎಂದೇ ಭಾವಿಸತಕ್ಕದ್ದು ಎಂದು ವಿಧಿಸಿತು. ವ್ಯಾಪಾರಿಯ ನಾಲಗೆ ಅಂದಿನಿಂದ ಕಂಪನಿಯ ನಾಲಗೆಯಾಯಿತು. ವ್ಯಾಪಾರಿಯೊಡನೆ ಹೊಂದಾಣಿಕೆಯಿರುವ ಸಾಲದಲ್ಲಿ ಅಥವಾ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ, 100 ಪೌಂಡಿಗಿಂತ ಹೆಚ್ಚಿನ ಮತ್ತು 30,000 ಪೌಂಡ್ ಮೀರದ ಬೆಲೆಯ ವಸ್ತುವಿಗೆ ಸಾಲದಾತನೂ ವ್ಯಾಪಾರಿಯಷ್ಟೇ ಹೊಣೆ ಎಂಬುದು ಅದೇ ಕಾಯಿದೆಯ 75ನೆಯ ಕಲಮು.

ಅಟ್ಲಾಂಟಿಕ್ ಆಚೆಯೂ ಇದೇ ಹೊತ್ತಿಗೆ ಇದೇ ಪ್ರಶ್ನೆ ಚರ್ಚೆಯಾಗುತ್ತಿತ್ತು. ಅಮೆರಿಕದಲ್ಲಿ ವ್ಯಾಪಾರಿ ಗ್ರಾಹಕನ ಸಾಲಪತ್ರವನ್ನು ಕಂಪನಿಗೆ ಮಾರಿಬಿಡುತ್ತಿದ್ದ. ಕಾರು ಕೆಟ್ಟದ್ದು ಎಂಬ ತಕರಾರು ಆ ಕಂಪನಿಯ ಮುಂದೆ ನಡೆಯುತ್ತಿರಲಿಲ್ಲ. 1975ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ತಡೆ ಹಾಕಿ, ಸಾಲಪತ್ರ ಯಾರ ಕೈಗೆ ಹೋದರೂ ಗ್ರಾಹಕನ ತಕರಾರು ಅದರ ಬೆನ್ನಿಗೇ ಹೋಗುತ್ತದೆ ಎಂದು ದಪ್ಪ ಅಕ್ಷರಗಳಲ್ಲಿ ಕರಾರಿನಲ್ಲಿ ಅಚ್ಚು ಮಾಡಿಸಿತು. ಅದಕ್ಕೆ ಐದು ವರ್ಷ ಮುಂಚೆ, 1970ರಲ್ಲಿ, ಜಾರ್ಜ್ ಅಕರ್‌ಲಾಫ್ ಹಳೆ ಕಾರುಗಳ ಪೇಟೆಯನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದ್ದರು. ಅಮೆರಿಕನ್ನರ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ಲೆಮನ್’, ಅಂದರೆ ನಿಂಬೆಹಣ್ಣು, ಎನ್ನುತ್ತಾರೆ. ಕಾರಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದಾಗ ಕೊಳ್ಳುವವರು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕೊಡುತ್ತಾರೆ; ಆಗ ಒಳ್ಳೆಯ ಕಾರಿನ ಒಡೆಯರು ಪೇಟೆಗೇ ಬರುವುದಿಲ್ಲ, ನಿಂಬೆಹಣ್ಣುಗಳು ಮಾತ್ರ ಉಳಿಯುತ್ತವೆ ಎಂಬುದು ಅವರ ವಾದ. ತೀರಾ ಸಾಮಾನ್ಯ ವಿಷಯವೆಂದು ವಿದ್ವತ್ಪತ್ರಿಕೆಗಳು ತಿರಸ್ಕರಿಸಿದ್ದ ಈ ಪ್ರಬಂಧದ ವಿಚಾರಕ್ಕೆ 2001ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. 1967-68ರಲ್ಲಿ ಅಕರ್‌ಲಾಫ್ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ನಮ್ಮ ಹಳ್ಳಿಗಳ ಲೇವಾದೇವಿಗಾರರು ವಿಧಿಸುವ ಬಡ್ಡಿಯ ವಿಚಾರವೂ ಆ ಪ್ರಬಂಧದಲ್ಲಿದೆ.

ಮೂವತ್ತು ದಿನಗಳ ಲೆಕ್ಕ

ಬ್ರಿಟನ್ನಿನಲ್ಲಿ ಉಳಿದಿದ್ದ ತೊಡಕು ಕಾಲದ್ದು. ಕೆಟ್ಟ ಕಾರನ್ನು ಎಷ್ಟು ದಿನಗಳ ಒಳಗೆ ಹಿಂತಿರುಗಿಸಬಹುದು? ‘ಸಮಂಜಸವಾದ ಅವಧಿ’ ಎಂದಷ್ಟೇ ಕಾಯಿದೆ ಹೇಳಿತ್ತು. 1987ರ ವರದಿಗಳಲ್ಲಿ ದಾಖಲಾದ ಮೊಕದ್ದಮೆಯೊಂದರಲ್ಲಿ ಹೊಚ್ಚ ಹೊಸ ಕಾರಿನ ಎಂಜಿನ್ ಮೂರು ವಾರ ತುಂಬುವುದರೊಳಗೆ, 140 ಮೈಲಿ ಓಡಿದಾಗ ಹಿಡಿದುಕೊಂಡಿತ್ತು. ಪರಿಹಾರ ಪಡೆಯಬಹುದು, ಆದರೆ ಕಾರನ್ನು ತಿರಸ್ಕರಿಸುವ ಕಾಲ ಮಿಂಚಿತು ಎಂದು ನ್ಯಾಯಾಲಯ ಹೇಳಿದಾಗ ಟೀಕೆಗಳು ಕೇಳಿಬಂದವು. 2015ರ ಅಕ್ಟೋಬರ್ 1ರಂದು ಜಾರಿಗೆ ಬಂದ ಗ್ರಾಹಕ ಹಕ್ಕುಗಳ ಕಾಯಿದೆ ಈ ಅನಿಶ್ಚಿತತೆಯನ್ನು ತೊಡೆದು 30 ದಿನಗಳ ಅವಧಿಯನ್ನು ಗೊತ್ತುಪಡಿಸಿತು. ಅಷ್ಟರೊಳಗೆ ತಿರಸ್ಕರಿಸಿದರೆ ಪೂರ್ತಿ ಹಣ ವಾಪಸ್. ಆಮೇಲಾದರೆ ದುರಸ್ತಿಗೆ ಒಂದು ಅವಕಾಶ ಕೊಡಬೇಕು. ಅದೂ ವಿಫಲವಾದರೆ ತಿರಸ್ಕರಿಸಬಹುದು, ಆದರೆ ಕಾರನ್ನು ಬಳಸಿದ್ದಕ್ಕೆ ಕಡಿತವುಂಟು. ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತೆಂದು ಭಾವಿಸಲಾಗುತ್ತದೆ. ಅಲ್ಲವೆಂದು ಸಾಧಿಸುವ ಭಾರ ಎದುರು ಪಕ್ಷದ್ದು.

ದೂರದಿಂದ ಕೊಂಡವನಿಗೆ ಇನ್ನೊಂದು ಬಾಗಿಲೂ ಇದೆ. ಅಂಚೆ, ದೂರವಾಣಿ ಮೂಲಕ ನಡೆಯುವ ವ್ಯಾಪಾರಕ್ಕಾಗಿ ಯೂರೋಪಿಯನ್ ಒಕ್ಕೂಟ 1997ರಲ್ಲಿ ಹೊರಡಿಸಿದ ನಿರ್ದೇಶನದಿಂದ ಆರಂಭವಾದ ಈ ಹಕ್ಕು, 2014ರ ಜೂನ್‌ನಲ್ಲಿ ಜಾರಿಯಾದ ನಿಯಮಗಳಲ್ಲಿ 14 ದಿನಗಳಿಗೆ ವಿಸ್ತರಿಸಿತು. ಕಾರು ಕೈಸೇರಿದ 14 ದಿನಗಳೊಳಗೆ ಯಾವ ಕಾರಣವನ್ನೂ ಕೊಡದೆ ಕರಾರನ್ನು ರದ್ದು ಮಾಡಬಹುದು. ಅದಕ್ಕೆ ಅಂಟಿಕೊಂಡ ಸಾಲದ ಕರಾರೂ ಜೊತೆಗೇ ಬಿದ್ದುಹೋಗುತ್ತದೆ. ಅಂಗಡಿಗೆ ಹೋಗಿ ಅಲ್ಲೇ ಸಹಿ ಹಾಕಿದವನಿಗೆ ಈ ಸೌಲಭ್ಯವಿಲ್ಲ. ಕಾಣದೆ ಕೊಂಡವನಿಗೆ ನೋಡಲು ಎರಡು ವಾರ ಕೊಡಬೇಕೆಂಬುದು ಇದರ ಹಿಂದಿನ ತತ್ವ. ಎಮ್ಮೆ ನೀರಿನಿಂದ ಮೇಲೆ ಬರುವವರೆಗೆ ವ್ಯಾಪಾರ ಕುದುರಿಲ್ಲ ಎಂದಂತೆ.

ಇಂದು ಅಲ್ಲಿ ಮೋಸಹೋದ ಗ್ರಾಹಕ ದೂರು ಬರೆಯುವುದು ಮುಖ್ಯವಾಗಿ ಫೈನಾನ್ಸ್ ಕಂಪನಿಗೆ. ಬಾಡಿಗೆ-ಖರೀದಿಯಲ್ಲಿ ಕಾನೂನಿನ ಕಣ್ಣಿಗೆ ಕಾರು ಕೊಟ್ಟವರು ಅವರೇ. ಜಾಹೀರಾತಿನ ಪ್ರತಿ, ವ್ಯಾಪಾರಿಯ ಸಂದೇಶಗಳು, ಸ್ವತಂತ್ರ ತಜ್ಞನ ಪರೀಕ್ಷಾ ವರದಿ ಇವು ಸಾಕ್ಷ್ಯಗಳು. ಮೂರು ವರ್ಷ ದಾಟಿದ ಕಾರುಗಳ ವಾರ್ಷಿಕ ಪರೀಕ್ಷೆಯಲ್ಲಿ ಮೀಟರಿನ ಅಂಕಿ ದಾಖಲಾಗುವುದರಿಂದ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದನ್ನು ಯಾರು ಬೇಕಾದರೂ ಪತ್ತೆ ಹಚ್ಚಬಹುದು. ಎಂಟು ವಾರಗಳಲ್ಲಿ ಕಂಪನಿ ತೃಪ್ತಿಕರ ಉತ್ತರ ಕೊಡದಿದ್ದರೆ ಹಣಕಾಸು ಓಂಬುಡ್ಸ್‌ಮನ್‌ಗೆ ಹೋಗಬಹುದು. ಗ್ರಾಹಕನಿಗೆ ಖರ್ಚಿಲ್ಲ, ಆತ ಒಪ್ಪಿದ ತೀರ್ಮಾನ ಕಂಪನಿಯನ್ನು ಕಟ್ಟಿಹಾಕುತ್ತದೆ. ಕಾರುಗಳನ್ನು ಅಂತರಜಾಲದಲ್ಲೇ ಮಾರುತ್ತಿದ್ದ ಕಾಜೂ ಕಂಪನಿ 2018ರಲ್ಲಿ ಸ್ಥಾಪನೆಯಾಗಿ, ಕೋವಿಡ್ ಕಾಲದಲ್ಲಿ ಮನೆಮಾತಾಗಿ, 2024ರಲ್ಲಿ ದಿವಾಳಿಯ ದಾರಿ ಹಿಡಿಯಿತು. ಮಾರಿದವರು ಹೀಗೆ ಕಣ್ಮರೆಯಾಗುವ ಕಾಲದಲ್ಲಿ ಸಾಲ ಕೊಟ್ಟವರ ಹೊಣೆಯ ಮಹತ್ವ ಅರಿವಾಗುತ್ತದೆ.

ಇತ್ತ ನಮ್ಮಲ್ಲಿ

1893ರ ಇಂಗ್ಲಿಷ್ ಕಾಯಿದೆಯ ಪಡಿಯಚ್ಚಿನಲ್ಲೇ ಭಾರತದ 1930ರ ಸರಕು ಮಾರಾಟ ಕಾಯಿದೆ ರೂಪುಗೊಂಡಿತು. ವರ್ಣನೆಗೆ ವಸ್ತು ಹೊಂದಬೇಕೆಂಬ ನಿಯಮ ಇಲ್ಲಿ 15ನೆಯ ಕಲಮು. ಬಾಡಿಗೆ-ಖರೀದಿಯ ವಿಷಯದಲ್ಲಿ ಮಾತ್ರ ನಮ್ಮ ಇತಿಹಾಸ ವಿಚಿತ್ರವಾದುದು. ಸಂಸತ್ತು 1972ರಲ್ಲಿ ಬಾಡಿಗೆ-ಖರೀದಿ ಕಾಯಿದೆಯನ್ನು ಅಂಗೀಕರಿಸಿತು. ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಟಿತು, ಮುಂದೆ ಹೋಯಿತು, ಕೊನೆಗೆ ರದ್ದಾಯಿತು. ಕಾಯಿದೆ ಮೂರು ದಶಕಗಳ ಕಾಲ ಪುಸ್ತಕದಲ್ಲೇ ಮಲಗಿದ್ದು 2005ರಲ್ಲಿ ರದ್ದಾಯಿತು. ಒಂದು ದಿನವೂ ದುಡಿಯದೆ ನಿವೃತ್ತಿಯಾದ ಕಾಯಿದೆ ಇದು!

ಈಗ ಇಲ್ಲಿ ಚಾಲ್ತಿಯಲ್ಲಿರುವುದು ಬಹುತೇಕ ಸಾಲ ಮತ್ತು ಅಡಮಾನದ ಪದ್ಧತಿ. ಕಾರು ಗ್ರಾಹಕನ ಹೆಸರಿಗೇ ನೋಂದಣಿಯಾಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನ ನಮೂದಾಗುತ್ತದೆ. ಬ್ಯಾಂಕು ಮಾರಾಟಗಾರನಲ್ಲ. ಬ್ರಿಟನ್ನಿನ 56 ಮತ್ತು 75ನೆಯ ಕಲಮುಗಳಂಥವು ನಮ್ಮ ಕಾಯಿದೆಯಲ್ಲಿಲ್ಲ. ದೂರದಿಂದ ಕೊಂಡದ್ದನ್ನು ಕಾರಣವಿಲ್ಲದೆ ಹಿಂತಿರುಗಿಸುವ 14 ದಿನಗಳ ಹಕ್ಕೂ ಇಲ್ಲ. ಕೆಲವು ಕಂಪನಿಗಳು ತಾವಾಗಿ ಕೊಡುವ ವಾಪಸಾತಿ ಸೌಲಭ್ಯ ಅವರ ಷರತ್ತುಗಳಿಗೆ ಒಳಪಟ್ಟದ್ದು.

ಆದರೆ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಒಂದು ದೊಡ್ಡ ಉಪಕಾರ ಮಾಡಿದೆ. 1986ರ ಕಾಯಿದೆಯಡಿ ದೂರನ್ನು ಎದುರು ಪಕ್ಷದವರು ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ಕೊಡಬೇಕಾಗಿತ್ತು. ಈಗ 34ನೆಯ ಕಲಮಿನ ಪ್ರಕಾರ ದೂರುದಾರ ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ನಿರ್ಬಂಧ ವಿಧಿಸಿದ ಮೇಲೆ ಅಲ್ಲಿನ ಹಳೆ ಕಾರುಗಳು ದೂರದ ರಾಜ್ಯಗಳಲ್ಲಿ ಗಿರಾಕಿಗಳನ್ನು ಹುಡುಕಿದವು. ಅಂಥ ಕಾರನ್ನು ಬೀದರಿನಲ್ಲಿ ಕುಳಿತು ಕೊಂಡವನು ಈಗ ದೆಹಲಿಗೆ ಅಲೆಯಬೇಕಾಗಿಲ್ಲ; ಬೀದರಿನ ಜಿಲ್ಲಾ ಆಯೋಗವೇ ಸಾಕು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ. ಒಂದು ಷರತ್ತು: ಮಾರಿದವನು ವ್ಯಾಪಾರಿಯಾಗಿರಬೇಕು. ಬೀದಿಯಾಚೆಯ ಮನೆಯವರು ತಮ್ಮ ಕಾರನ್ನು ಮಾರಿದ್ದರೆ ವ್ಯಾಜ್ಯ ಸಿವಿಲ್ ನ್ಯಾಯಾಲಯದ್ದು.

ಆ ವ್ಯಾಪಾರಿ ಯಾರೆಂದು ಗುರುತಿಸುವುದೇ ಬಹುಕಾಲ ಕಷ್ಟವಾಗಿತ್ತು. ಸಹಿ ಮಾಡಿದ ಖಾಲಿ ಫಾರಂ 29 ಮತ್ತು 30ರ ಜೊತೆ ಕಾರು ಕೈಯಿಂದ ಕೈಗೆ ಹೋಗುತ್ತಿತ್ತು. ಆರ್‌ಸಿಯಲ್ಲಿ ದಲ್ಲಾಳಿಯ ಹೆಸರೇ ಇರುತ್ತಿರಲಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ, 2023ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಹಳೆ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕು. ಕಾರು ತನ್ನ ಬಳಿ ಇರುವಷ್ಟು ಕಾಲ ಆತನೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ಎಲ್ಲಿಗೆ, ಯಾಕೆ, ಎಷ್ಟು ದೂರ ಓಡಿಸಿದ ಎಂಬ ಲೆಕ್ಕವನ್ನೂ ಇಡಬೇಕು.

ದೂರು ಆಯೋಗದಲ್ಲಿರುವಾಗ ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಖಾತೆಯಿಂದ ಕಡಿತವಾಗುತ್ತಿರುತ್ತದೆ. ಕೋಪದಿಂದ ನಿಲ್ಲಿಸಿದವರ ಹೆಸರು ಸುಸ್ತಿದಾರರ ಪಟ್ಟಿ ಸೇರುತ್ತದೆ. ಬ್ರಿಟನ್ನಿನಲ್ಲೂ ಗ್ರಾಹಕರಿಗೆ ತಿಳಿಯದೆ ಕಂತು ನಿಲ್ಲಿಸಬೇಡಿ ಎಂದೇ ಸಲಹೆ ಕೊಡುತ್ತಾರೆ. ಆಯೋಗ ಗ್ರಾಹಕನ ಪರವಾಗಿ ತೀರ್ಪು ಕೊಟ್ಟು ಹಣ ವಾಪಸ್ ಕೊಡಿಸಿದರೂ ಕಾರು ಅವನ ಹೆಸರಿನಿಂದ ತಾನಾಗಿ ಇಳಿಯುವುದಿಲ್ಲ. ಸಾಲ ತೀರಿತೆಂದು ಬ್ಯಾಂಕು ಫಾರಂ 35ಕ್ಕೆ ಸಹಿ ಹಾಕಬೇಕು, ಆಮೇಲೆ ಫಾರಂ 29 ಮತ್ತು 30 ತುಂಬಿಸಿ ಆರ್‌ಟಿಒ ಕಚೇರಿಗೆ ಕೊಡಬೇಕು. ಅಷ್ಟಾಗುವವರೆಗೆ ದಂಡದ ಚಲನ್ ಬಂದರೆ ಅದೂ ಅವನ ವಿಳಾಸಕ್ಕೇ.